ಏಳನೇ ಸಾಲಿನ ಗುರುತು

ಅಫ್ರೋಜ್, ನಿನ್ನ ಅಮ್ಮಿಯ ದನಿಯನ್ನು ಅಳಿಸಿದ್ದು ನೀನಲ್ಲ. ನಾನು.

ಆರು ವರ್ಷದಿಂದ ಈ ಒಂದು ಮಾತನ್ನು ಬಾಯೊಳಗೇ ಇಟ್ಟುಕೊಂಡು ಓಡಾಡಿದ್ದೇನೆ. ನಿನ್ನ ಪಕ್ಕ ಕೂತು ಉಂಡಿದ್ದೇನೆ, ನಿನ್ನ ಮದುವೆಯಲ್ಲಿ ಬಿರಿಯಾನಿ ಬಡಿಸಿದ್ದೇನೆ, ನಿನ್ನ ಮಗಳಿಗೆ ಬಣ್ಣದ ಪೆನ್ಸಿಲ್ಲಿನ ಡಬ್ಬ ತಂದುಕೊಟ್ಟು ಒಳ್ಳೆಯ ಮಾಮ ಅನ್ನಿಸಿಕೊಂಡಿದ್ದೇನೆ — ಇದನ್ನು ಮಾತ್ರ ಹೇಳಲಿಲ್ಲ. ಈಗಲೂ ಧೈರ್ಯ ಬಂದು ಹೇಳುತ್ತಿಲ್ಲ. ಹೋದ ವಾರ ನೀನು ಫೋನು ಮಾಡಿದೆಯಲ್ಲ, ಆಮೇಲೆ ನನಗೆ ನಿಲ್ಲಲು ಜಾಗವೇ ಉಳಿಯಲಿಲ್ಲ.

ನಿನಗೆ ಗೊತ್ತಿರುವುದನ್ನೂ ಮೊದಲಿಂದ ಬರೆಯುತ್ತೇನೆ. ಪವಿತ್ರಳೂ ಇದನ್ನು ಓದಬೇಕು. ಅವತ್ತು ಅವಳು ನಿನ್ನನ್ನು ಬೈದದ್ದು ನನ್ನ ಸುಳ್ಳನ್ನು ನಂಬಿ. ಅಲ್ಲದೆ, ಅರ್ಧಂಬರ್ಧ ಬರೆದರೆ ಎಲ್ಲೋ ಒಂದು ಕಡೆ ನುಣುಚಿಕೊಳ್ಳುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತಿದೆ.

ಕೃಷ್ಣರಾಜಪೇಟೆಯಲ್ಲಿ ನಮ್ಮಪ್ಪನ ಮರಗೆಲಸದ ಅಂಗಡಿ, ಅದರ ಮೇಲೆ ಒಂದೇ ಒಂದು ಕೋಣೆ. ಕೆಳಗೆ ಇಡೀ ದಿನ ಗರಗಸದ ಸದ್ದು, ಮೇಲೆ ನಾವು ಮೂವರು. ಪ್ರೋಗ್ರಾಮು ಬರೆಯುವ ನಾನು, ಚಿತ್ರ ಬಿಡಿಸುವ ಪವಿತ್ರ, ಸದ್ದು ಹಿಡಿಯುವ ನೀನು. ವಿಡಿಯೋ ಗೇಮ್ ಮಾಡುವ ಸ್ಟುಡಿಯೋ ಎಂದು ಬೋರ್ಡು ಹಾಕಿದ್ದಕ್ಕೆ ಜನ ಮೆಟ್ಟಿಲು ಹತ್ತಿ ಬಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಕೇಳುತ್ತಿದ್ದರು. ನೀನು ಗಂಭೀರವಾಗಿ ಕೂರಿಸಿ ಫೋನಿನಲ್ಲೇ ತೆಗೆದು ಕಳಿಸುತ್ತಿದ್ದೆ. ನಾವು ಎಷ್ಟು ನಗುತ್ತಿದ್ದೆವು ಆಗ.

ನಮ್ಮ ಆಟದ ಹೆಸರು ‘ಕಲಾಯಿ’. ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ಒಬ್ಬ ಹೆಂಗಸಿನ ಕತೆ. ಆಡುವವರು ತಿದಿ ಒತ್ತಿ ಗಾಳಿ ಊದಬೇಕು, ಬೆಂಕಿಯ ಹದ ಹಿಡಿಯಬೇಕು, ಪಾತ್ರೆ ಕಾದಾಗ ತವರ ಸವರಿ ಬಟ್ಟೆಯಲ್ಲಿ ಉಜ್ಜಬೇಕು. ಬೆಂಕಿ ಹೆಚ್ಚಾದರೆ ಪಾತ್ರೆ ಕಪ್ಪಾಗುತ್ತದೆ, ಅಲ್ಲಿಗೆ ಸೋತಂತೆ. ಅದು ನಿಮ್ಮ ಮನೆಯ ಕಸುಬು. ನಾಗಮಂಗಲದಲ್ಲಿ ನಿಮ್ಮಜ್ಜ ಕಲಾಯಿ ಹಾಕುವಾಗ ತಿದಿ ಒತ್ತುತ್ತಿದ್ದವರು ಅಮ್ಮಿ, ಇನ್ನೂ ಲಂಗ ಉಡುವ ವಯಸ್ಸಿನಿಂದ. ಆಟದಲ್ಲಿ ಸೋತವರಿಗೆ ಹೇಳಿಕೊಡುವ ದನಿ ಅವರದೇ ಆಗಬೇಕು ಎಂದು ಹಟ ಹಿಡಿದವನು ನೀನು.

ಇನ್ನು ಹಲಗೆಯ ವಿಷಯ. ಆ ನಿಯಮ ನನ್ನದು. ಅಪ್ಪನ ಅಂಗಡಿಯಿಂದ ಒಂದು ತೇಗದ ಹಲಗೆ ತಂದು ಗೋಡೆಗೆ ಹೊಡೆದಿದ್ದೆ. ನೀನು ಹಿಡಿದು ತಂದ ಪ್ರತಿ ಸದ್ದಿಗೂ ಅದರ ಮೇಲೆ ಒಂದು ಸಾಲು. ಅದು ಕಂಪ್ಯೂಟರಿಗೂ, ಬೀರುವಿನಲ್ಲಿಡುವ ಬೇರೆ ಡಿಸ್ಕಿಗೂ, ಎರಡು ಕಡೆ ನಕಲಾದ ಮೇಲೆ ನಾನು ಬಡಗಿಯ ಪೆನ್ಸಿಲ್ಲಿನಿಂದ ಸಾಲಿನ ತುದಿಗೆ ಗುರುತು ಹಾಕಬೇಕು. ಗುರುತು ಬಿದ್ದ ಮೇಲಷ್ಟೇ ನೀನು ರೆಕಾರ್ಡರಿನ ಕಾರ್ಡನ್ನು ಅಳಿಸಬೇಕು. ಕಂಪ್ಯೂಟರು ಹಳೆಯದು, ಯಾವಾಗ ಕೈಕೊಡುತ್ತದೋ ಎಂಬ ಭಯಕ್ಕೆ ಮಾಡಿದ ನಿಯಮ. ಅದರ ಬಗ್ಗೆ ನನಗೆ ಎಷ್ಟು ಜಂಬ! ನೀವಿಬ್ಬರೂ ಸಡಿಲ, ನಾನೊಬ್ಬನೇ ಅಚ್ಚುಕಟ್ಟು ಎಂದು ದಿನಕ್ಕೆ ಹತ್ತು ಸಲ ಹೇಳಿ ತಲೆ ತಿನ್ನುತ್ತಿದ್ದೆ.

ಏಳನೇ ಸಾಲು ಅಮ್ಮಿಯದು. ನಾಗಮಂಗಲದ ನಿಮ್ಮ ಮನೆಯ ಅಡುಗೆ ಕೋಣೆಯಲ್ಲಿ, ಕಿಟಕಿಗೆ ಕಂಬಳಿ ಕಟ್ಟಿ, ಒಂದೂವರೆ ಗಂಟೆ ಅವರ ಮಾತು ಹಿಡಿದೆವು. ನಡುವೆ ಪಕ್ಕದ ಮನೆಯವರು ನೀರಿನ ಮೋಟಾರು ಹಾಕಿದರು. ಆರಿಸಿ ಎಂದು ಕೇಳಲು ನೀನು ಹೊರಗೆ ಹೋದೆ. ರೆಕಾರ್ಡರು ಓಡುತ್ತಲೇ ಇತ್ತು. ಆ ಮೂರು ನಾಲ್ಕು ನಿಮಿಷ ಅಮ್ಮಿ ನನ್ನ ಜೊತೆ ಮಾತಾಡಿದರು — ಏನೆಂದು ಕೊನೆಯಲ್ಲಿ ಬರೆಯುತ್ತೇನೆ. ಈಗಲೇ ಬರೆದರೆ ಮುಂದಿನದು ಬರೆಯಲು ನನ್ನ ಕೈ ಏಳುವುದಿಲ್ಲ.

ಮಾರನೆಯ ಬೆಳಗ್ಗೆ ಅದು ಕಂಪ್ಯೂಟರಿಗೆ ಬಂತು. ನೀನು ಮಧ್ಯಾಹ್ನದೊಳಗೆ ಮೊದಲರ್ಧ ಕೇಳಿ, ಆಟಕ್ಕೆ ಬೇಕಾದ ಹತ್ತೊಂಬತ್ತು ತುಣುಕು ಕತ್ತರಿಸಿದೆ. ಉಳಿದದ್ದನ್ನು ‘ಆಮೇಲೆ ನಿಧಾನಕ್ಕೆ ಕೇಳ್ತೀನಿ, ಅಮ್ಮಿ ಪುರಾಣ ಮುಗಿಯಾದಲ್ಲ’ ಎಂದೆ. ಬೀರುವಿನ ಡಿಸ್ಕಿಗೆ ನಕಲು ಮಾಡುವುದು ನನ್ನ ಪಾಲಿನ ಕೆಲಸ. ಅವತ್ತು ಸಂಜೆಯೊಳಗೆ ಆಟವನ್ನು ಒಂದು ಸ್ಪರ್ಧೆಗೆ ಕಳಿಸಬೇಕಿತ್ತು. ನನ್ನ ಪ್ರೋಗ್ರಾಮು ಎಲ್ಲೋ ಸಿಕ್ಕಿಕೊಂಡು ತಲೆ ಕೆಟ್ಟಿತ್ತು. ಊಟವಾದ ಮೇಲೆ ನಕಲು ಮಾಡಿದರಾಯಿತು ಎಂದುಕೊಂಡು — ಮಾಡುವ ಮೊದಲೇ ಗುರುತು ಹಾಕಿಬಿಟ್ಟೆ.

ನೀನು ಗುರುತು ನೋಡಿದೆ, ಕಾರ್ಡು ಅಳಿಸಿದೆ, ನೀರಿನ ಸದ್ದು ಹಿಡಿಯಲು ಕೆ.ಆರ್.ಎಸ್. ಕಡೆ ಹೋದೆ. ನೀನು ಮಾಡಿದ್ದೆಲ್ಲ ಸರಿಯಾಗಿತ್ತು, ಅಫ್ರೋಜ್. ನಿಯಮದಂತೆಯೇ ಇತ್ತು.

ನಾನು ಊಟ ಮಾಡಿದೆ, ನಕಲು ಮರೆತೆ. ನಾಲ್ಕು ಗಂಟೆಗೆ ಆಟವನ್ನು ಫೋನಿಗೆ ಹಾಕುವಂತೆ ಕಟ್ಟಲು ಕೂತರೆ ಕಂಪ್ಯೂಟರು ಜಾಗವಿಲ್ಲ ಎಂದಿತು. ಏನನ್ನು ತೆಗೆಯಲಿ ಎಂದು ತಲೆಯೆತ್ತಿ ಹಲಗೆ ನೋಡಿದೆ. ಏಳನೇ ಸಾಲಿಗೆ ಗುರುತಿದೆ, ಎರಡು ಕಡೆ ನಕಲಿದೆ — ನಾನೇ ಹಾಕಿದ ಸುಳ್ಳು ಗುರುತನ್ನು ನಾನೇ ನಂಬಿ, ಆ ಒಂದೂವರೆ ಗಂಟೆಯನ್ನು ಅಳಿಸಿದೆ. ಆಟ ಕಟ್ಟಿಯಾಯಿತು, ಕಳಿಸಿಯಾಯಿತು. ಬೀರು ತೆಗೆದು ಡಿಸ್ಕು ಹಾಕಿ ನೋಡಿದ್ದು ಅದಾದ ಮೇಲೆ.

ಅವತ್ತು ಅಮ್ಮಿ ಬದುಕಿದ್ದರು. ಇದನ್ನು ಮರೆಯಬೇಡ, ನಾನಂತೂ ಮರೆತಿಲ್ಲ. ಅವತ್ತು ಆದದ್ದು ಒಂದು ಸಣ್ಣ ತಪ್ಪು, ಮುಂದಿನ ವಾರ ನಾಗಮಂಗಲಕ್ಕೆ ಹೋಗಿ ಮತ್ತೆ ರೆಕಾರ್ಡ್ ಮಾಡಿದ್ದರೆ ಮುಗಿಯುತ್ತಿತ್ತು. ‘ತಪ್ಪಾಯ್ತು ಕಣ್ಲಾ’ ಎಂದಿದ್ದರೆ ನೀನು ಎರಡು ದಿನ ನನ್ನನ್ನು ಆಡಿಕೊಂಡು ನಗುತ್ತಿದ್ದೆ, ಅಷ್ಟೇ. ಆ ಎರಡು ದಿನದ ನಗೆ ನನಗೆ ಬೇಡವಾಯಿತು. ಅಚ್ಚುಕಟ್ಟಿನ ಲೋಕೇಶ ತನ್ನದೇ ನಿಯಮ ಮುರಿದ ಎಂದು ಪವಿತ್ರಳ ಮುಂದೆ ಅನ್ನಿಸಿಕೊಳ್ಳುವುದು — ಛೇ, ಬರೆಯಲು ನಾಚಿಕೆಯಾಗುತ್ತದೆ, ಎಷ್ಟು ಸಣ್ಣ ಕಾರಣ.

ಕೆಳಗೆ ಹೋಗಿ ಅಪ್ಪನ ಮೇಜಿನಿಂದ ಮರ ಉಜ್ಜುವ ಉಪ್ಪುಕಾಗದ ತಂದೆ. ಪವಿತ್ರ ಚಹಾ ಕುಡಿಯಲು ಹೋಗಿದ್ದಳು; ಅವಳು ಬರುವುದರೊಳಗೆ ಏಳನೇ ಸಾಲಿನ ತುದಿಯನ್ನು ಉಜ್ಜಿದೆ. ಬಡಗಿಯ ಮಗ, ಕೆಲಸ ನೀಟಾಗಿಯೇ ಬಂತು.

ನೀನು ಬಸ್ಸಿಳಿದು, ಒದ್ದೆ ಪ್ಯಾಂಟು ಮಡಿಸಿಕೊಂಡು ಮೆಟ್ಟಿಲು ಹತ್ತಿ ಬರುತ್ತಲೇ ಕೇಳಿದೆ: “ಯಾಕ್ಲಾ ಇಬ್ರೂ ಇಂಗೆ ಕೂತಿದ್ದೀರಿ?”

“ಗುರುತು ಹಾಕೋ ಮುಂಚೆ ಕಾರ್ಡು ಯಾಕ್ಲಾ ಅಳಿಸ್ದೆ?” ಎಂದೆ ನಾನು. “ನಂ ಕಂಪ್ಯೂಟ್ರಲ್ಲಿ ಫೈಲು ಕೆಟ್ಟೋಗೈತೆ. ಡಿಸ್ಕಿಗೆ ಇನ್ನೂ ಹಾಕಿರ್ಲಿಲ್ಲ.”

“ಗುರುತಿತ್ತು ಕಣ್ಲಾ. ನಾನು ನೋಡ್ದೆ.”

“ಎಲ್ಲೈತೆ, ತೋರ್ಸು.”

ನೀನು ಹಲಗೆಯ ಹತ್ತಿರ ಹೋದೆ. ಏಳನೇ ಸಾಲಿನ ತುದಿಯನ್ನು ಬೆರಳಿನಿಂದ ಸವರಿದೆ. ಬೆರಳಿಗೆ ಪುಡಿ ಅಂಟಿತು, ನಾನು ನೋಡಿದೆ. ಅಂಗಡಿಯ ಪುಡಿ ಅಂದುಕೊಂಡೆಯೋ ಏನೋ, ಪ್ಯಾಂಟಿಗೆ ಒರೆಸಿಕೊಂಡೆ. “ಕಂಡಂಗಾಯ್ತಲ್ಲ ನಂಗೆ... ಆರ್ನೇದು ನೋಡ್ಬುಟ್ನೇನೋ” ಎಂದು ನಿನಗೆ ನೀನೇ ಹೇಳಿಕೊಂಡೆ. ಪವಿತ್ರ “ಒಂಚೂರು ಜವಾಬ್ದಾರಿ ಬ್ಯಾಡ್ವಾ ನಿಂಗೆ?” ಎಂದಳು. ನೀನು ತಲೆ ತಗ್ಗಿಸಿದೆ. ನಿನ್ನ ಕಣ್ಣನ್ನು ನೀನೇ ನಂಬದ ಹಾಗೆ ಮಾಡಿದೆ ನಾನು. ಕಳ್ಳತನಕ್ಕಿಂತ ಇದು ಕೀಳು.

ಮುಂದಿನ ವಾರ ಹೋಗೋಣ ಎಂದಿರಿ. ಮುಂದಿನ ವಾರ ಅಮ್ಮಿಗೆ ಜ್ವರ, ಅದರ ಮುಂದಿನ ವಾರ ಆಸ್ಪತ್ರೆ. ಇಪ್ಪತ್ತು ದಿನದಲ್ಲಿ ಅವರು ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ನಿಮ್ಮ ಮನೆಯ ಜಗಲಿಯಲ್ಲಿ ಕೂತು ನೀನು ಹೇಳಿದ ಮಾತು: “ನಮ್ಮಮ್ಮಿ ಮಾತ್‌ನ ಮ್ಯಾಲೆ ನೀರು ಬುಟ್ಬುಟ್ಟೆ ಕಣ್ಲಾ ಲೋಕಿ.” ಕಾರ್ಡು ಅಳಿಸಿ ನೀನು ಅದೇ ಕಾರ್ಡಿಗೆ ಅಣೆಕಟ್ಟಿನ ನೀರಿನ ಸದ್ದು ತುಂಬಿದ್ದೆಯಲ್ಲ, ಅದನ್ನು ನೆನೆದು ಹಾಗೆಂದೆ. ನಾನು ನಿನ್ನ ಬೆನ್ನು ಸವರಿದೆ. ಹೌದು, ಇದೇ ಕೈಯಿಂದ. ಅಲ್ಲಿ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ — “ಸಮಾಧಾನ ಮಾಡ್ಕೊ” ಎಂದೆ.

ಮರುದಿನವೇ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ, ನಿಮಗಿಬ್ಬರಿಗೂ ತಿಳಿಸದೆ ಮೈಸೂರಿಗೆ ಓಡಿದೆ. ಮೂವರು ರಿಪೇರಿಯವರಿಗೆ ತೋರಿಸಿದೆ, ಕೊನೆಯವರ ಕಾಲು ಹಿಡಿಯುವುದೊಂದು ಬಾಕಿ. ಮೂವರೂ ಒಂದೇ ಮಾತು ಹೇಳಿದರು: ಅಳಿಸಿದ ಜಾಗದ ಮೇಲೆ ಬೇರೆಯದು ಬರೆದುಹೋಗಿದೆ, ಇನ್ನು ಬರುವುದಿಲ್ಲ. ಆ ಬೇರೆಯದು ಯಾವುದು ಗೊತ್ತೇ? ನಮ್ಮ ಆಟ. ಅಮ್ಮಿಯದೇ ದನಿಯ ಹತ್ತೊಂಬತ್ತು ತುಣುಕಿನ ಆಟ.

ಸ್ಪರ್ಧೆಯಲ್ಲಿ ನಮ್ಮ ಹೆಸರು ಬರಲಿಲ್ಲ. ಆಟವನ್ನು ಫೋನುಗಳಿಗೆ ಬಿಟ್ಟೆವು, ಒಂದಷ್ಟು ಜನ ಆಡಿದರು, ಮರೆತರು. “ನನ್ ಕೈಗೆ ಇನ್ ಯಾರ್ ದನೀನೂ ಕೊಡ್ಬ್ಯಾಡಿ” ಎಂದು ನೀನು ರೆಕಾರ್ಡರನ್ನು ನನ್ನ ಮೇಜಿನ ಮೇಲಿಟ್ಟು ಹೋದೆ. ಸದ್ದಿನಿಂದಲೇ ಬೀಟೆ ಮರ ಯಾವುದು, ತೇಗ ಯಾವುದು ಹೇಳಬಲ್ಲವನು ಪಾಂಡವಪುರದಲ್ಲಿ ಸ್ಕೂಲ್ ವ್ಯಾನು ಓಡಿಸುತ್ತಿದ್ದೀಯ. ಪವಿತ್ರ ಶ್ರೀರಂಗಪಟ್ಟಣದಲ್ಲಿ ಫ್ಲೆಕ್ಸ್ ಬೋರ್ಡುಗಳಿಗೆ ಚಿತ್ರ ಜೋಡಿಸುತ್ತಾಳೆ. ನಾನು ಇದೇ ಕೋಣೆಯಲ್ಲಿ ಅಂಗಡಿಗಳಿಗೆ ಬಿಲ್ಲು ಹಾಕುವ ಪ್ರೋಗ್ರಾಮು ಬರೆಯುತ್ತೇನೆ. ಸ್ಟುಡಿಯೋ ಯಾಕೆ ಮುಚ್ಚಿತು ಎಂದು ಯಾರಾದರೂ ಕೇಳಿದರೆ, ಅಫ್ರೋಜ್ ಬಿಟ್ಟುಹೋದ ಎನ್ನುತ್ತೇನೆ. ಅದನ್ನೂ ನಿನ್ನ ತಲೆಗೇ ಕಟ್ಟಿದ್ದೇನೆ.

ಹೋದ ವರ್ಷ ನಿನ್ನನ್ನು ನೋಡಲು ಬಂದಾಗ ನೀನು ಶಾಲೆಯ ಮುಂದೆ ವ್ಯಾನಿನಲ್ಲಿ ಕೂತು ಫೋನಿನಲ್ಲಿ ನಮ್ಮ ಆಟ ಆಡುತ್ತಿದ್ದೆ. ನಾನು ಹಿಂದಿನಿಂದ ನೋಡಿದೆ. ಬೆಂಕಿ ಹೆಚ್ಚಾಗಿದ್ದರೂ ನೀನು ತಿದಿ ಒತ್ತುತ್ತಲೇ ಇದ್ದೆ. ಪಾತ್ರೆ ಕಪ್ಪಾಯಿತು. ಫೋನಿನಿಂದ ಅಮ್ಮಿ ಹೇಳಿದರು: “ಸೋತೋಯ್ತಾ ಬೇಟಾ? ಬುಡು, ಇನ್ನೊಂದ್ ದಪ ನೋಡು.” ನೀನು ಮತ್ತೆ ಸೋತೆ. ಮತ್ತೆ ಸೋತೆ. ಗೆದ್ದರೆ ಬರೀ ಗಂಟೆ ಬಾರಿಸುತ್ತದೆ, ಸೋತರೆ ಮಾತ್ರ ಅವರು ಮಾತಾಡುತ್ತಾರೆ — ಹಾಗೆ ಪ್ರೋಗ್ರಾಮು ಬರೆದವನು ನಾನೇ. ನಿನ್ನನ್ನು ಮಾತಾಡಿಸದೆ ಬಸ್ಸು ಹತ್ತಿದೆ.

ಹೋದ ವಾರ ನಿನ್ನ ಫೋನು ಬಂತು. “ಈ ಫೋನು ಬ್ಯಾಟ್ರಿ ಉಬ್ಬೋಗೈತೆ ಕಣ್ಲಾ, ಯಾವಾಗ ಕೆಟ್ಟೋಯ್ತದೋ ಗೊತ್ತಿಲ್ಲ. ಹೊಸ ಫೋನ್ಗೆ ನಮ್ ಆಟ ಹಿಡೀತಿಲ್ಲ. ಅಂಗಡಿಯೋರು ಆಗಕಿಲ್ಲ ಅಂತಾವ್ರೆ. ನಿನ್ನೊಬ್ನ ಕೈಲೇ ಆಗೋದು. ಮಾಡ್ಕೊಡ್ಲಾ.” ಆಮೇಲೆ “ನಾನೇ ಕಳ್ದಿದ್ದು, ಕೇಳಕ್ಕೂ ನಾಚ್ಕೆ ಆಯ್ತದೆ” ಎಂದೆ.

ಆರು ವರ್ಷವಾದರೂ ನನ್ನ ತಪ್ಪಿಗೆ ನೀನು ನನ್ನ ಹತ್ತಿರವೇ ನಾಚಿಕೊಳ್ಳುತ್ತಿದ್ದೀಯ.

ಏಳು ದಿನ ಕೂತು ಆಟವನ್ನು ಹೊಸ ಫೋನಿಗೆ ಹೊಂದಿಸಿದ್ದೇನೆ. ಪರೀಕ್ಷೆ ಮಾಡಲು ನಾನೂ ಸೋಲಬೇಕಾಯಿತು, ಲೆಕ್ಕವಿಲ್ಲದಷ್ಟು ಸಲ. ‘ಸೋತೋಯ್ತಾ ಬೇಟಾ?’ ಪ್ರತಿ ಸಲವೂ ನನ್ನನ್ನೇ ಕೇಳಿದ ಹಾಗಾಯಿತು. ಹಲಗೆಯನ್ನು ಗೋಡೆಯಿಂದ ಕಿತ್ತಿದ್ದೇನೆ. ಬಿಸಿಲಿಗೂ ಧೂಳಿಗೂ ಮರವೆಲ್ಲ ಕಂದಿದೆ, ಆದರೆ ಏಳನೇ ಸಾಲಿನ ತುದಿಯಲ್ಲಿ ಉಜ್ಜಿದ ಜಾಗ ತುಸು ತಗ್ಗು. ಬೆರಳಿಟ್ಟರೆ ಈಗಲೂ ಗೊತ್ತಾಗುತ್ತದೆ. ಅದನ್ನೂ ತರುತ್ತಿದ್ದೇನೆ. ಈ ಸಲ ನೀನು ಸವರಿ ನೋಡಬೇಕು. ನಿನ್ನ ಕಣ್ಣು ಸುಳ್ಳು ಹೇಳಿರಲಿಲ್ಲ.

ಇನ್ನು ಉಳಿದದ್ದು ಅಮ್ಮಿ ಹೇಳಿದ ಮಾತು. ನೀನು ಮೋಟಾರು ಆರಿಸಲು ಹೋದಾಗ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು:

“ಲೋಕೇಸಪ್ಪ, ನನ್ ಮಗ ನನ್ ಮುಂದೆ ಇಷ್ಟೊತ್ತು ಕೂತು ನನ್ ಮಾತ ಕೇಳಿದ್ದು ಇವತ್ತೇ ಕಣಪ್ಪ. ಆ ಡಬ್ಬ ಇಡ್ಕಂಡು ಅಲೀತಾನೆ ಅಂತ ದಿನಾ ಬೈತೀನಿ, ಅದು ಬಾಯಿಮಾತು. ಈ ಕೆಲ್ಸ ಅವ್ನಿಗೆ ಒಗ್ಗೈತೆ. ಯಾರ್ ಏನಂದ್ರೂ ಬುಡ್ಬ್ಯಾಡ ಅನ್ನು. ಈಗ್ಲೇ ಅವ್ನಿಗೆ ಏಳ್ಬ್ಯಾಡ, ತಲೆ ಮ್ಯಾಲೆ ಕೂತ್ಕತಾನೆ. ನಾನೇ ಏಳ್ತೀನಿ.”

ಇದರ ಮೇಲೆ ಇನ್ನೂ ಏನೋ ಅಂದರು. ನಿಮ್ಮಜ್ಜನ ಹೆಸರು ತೆಗೆದರು, ನಿನಗೂ ಅವರಿಗೂ ಏನೋ ಹೋಲಿಸಿ ನಕ್ಕರು. ಅದು ನನಗೆ ನೆನಪಿಲ್ಲ. ಎಷ್ಟು ತಿಣುಕಿದರೂ ನೆನಪಾಗುತ್ತಿಲ್ಲ, ಅಫ್ರೋಜ್, ಇದೊಂದು ನನ್ನನ್ನು ಕೊಲ್ಲುತ್ತಿದೆ.

‘ನಾನೇ ಏಳ್ತೀನಿ’ ಎಂದ ಅವರ ಮಾತನ್ನು ಹಿಡಿದುಕೊಂಡು, ಹೇಳಿಯೇ ಇರುತ್ತಾರೆ ಎಂದು ಇಷ್ಟು ವರ್ಷ ಮಲಗಿ ನಿದ್ದೆ ಮಾಡಿದ್ದೇನೆ. ಹೇಳಿದ್ದರೆ ನೀನು ಆ ಕೆಲಸ ಬಿಡುತ್ತಿರಲಿಲ್ಲ. ಅವರು ಹೇಳಿದ್ದು ಒಂದೇ ಕಡೆ, ನೀನು ನಿಧಾನಕ್ಕೆ ಕೇಳುತ್ತೇನೆ ಎಂದಿಟ್ಟ ಆ ಅರ್ಧದಲ್ಲಿ. ಅದನ್ನು ನಾನು ಅಳಿಸಿದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಿನ್ನ ಎದುರು ನಿಂತು ನಾನೇ ಓದುತ್ತೇನೆ. ಆಟವನ್ನು ಮೊದಲೇ ನಿನ್ನ ಹೊಸ ಫೋನಿಗೆ ಹಾಕಿ ಕೊಟ್ಟಿರುತ್ತೇನೆ; ಓದಿದ ಮೇಲೆ ನೀನು ನನ್ನ ಕೈಯಿಂದ ಏನನ್ನೂ ತೆಗೆದುಕೊಳ್ಳದಿರಬಹುದು. ಕ್ಷಮಿಸು ಎಂದು ಕೇಳುವುದಿಲ್ಲ. ರೆಕಾರ್ಡರೂ ಚೀಲದಲ್ಲಿದೆ. ನಾಳೆ ಪಾಂಡವಪುರದ ಮೊದಲ ಬಸ್ಸಿಗೆ ಹೊರಡುತ್ತೇನೆ, ನೀನು ಮಕ್ಕಳನ್ನು ಬಿಟ್ಟು ಬರುವವರೆಗೆ ಶಾಲೆಯ ಗೇಟಿನ ಹತ್ತಿರ ಕಾಯುತ್ತಿರುತ್ತೇನೆ.