ನೆರಮನೆಗೆ ಕೊಟ್ಟ ಪಾಸ್‌ವರ್ಡ್

ನಮ್ಮ ಬೆಟಗೇರಿ ಓಣಿಯಲ್ಲಿ ಊರಿಗೆ ಹೋಗುವವರು ಮನೆಯ ಕೀಲಿಕೈಯನ್ನು ಪಕ್ಕದ ಮನೆಗೆ ಕೊಟ್ಟು ಹೋಗುವುದು ರೂಢಿ. ಕೊಡದೆ ಹೋದರೆ, 'ನಾವೇನು ಕಳ್ಳರೇನು?' ಎಂದು ಪಕ್ಕದ ಮನೆಯವರು ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ಈ ರೂಢಿ ನನ್ನ ತಲೆ ತಿಂದಿತು.

ಆಗ ನಾನು ಗದಗಿನಲ್ಲಿ ಹತ್ತಿ ಮಾರಾಟದ ಸಂಘವೊಂದರಲ್ಲಿ ಕೆಲಸಕ್ಕಿದ್ದೆ. ಒಳಕೋಣೆಯಲ್ಲಿ ಒಂದೇ ಕಂಪ್ಯೂಟರ್. ಅದರಿಂದ ವೈರು ಎಳೆದು ಹೊರಗಿನ ಮೇಜುಗಳ ಮೇಲೆ ಒಂದೊಂದು ಪರದೆ, ಒಂದೊಂದು ಕೀಬೋರ್ಡ್ ಇಟ್ಟಿದ್ದರು. ಪ್ರತಿಯೊಬ್ಬರಿಗೂ ಒಳಹೊಗಲು ತಮ್ಮದೇ ಹೆಸರು, ತಮ್ಮದೇ ಪಾಸ್‌ವರ್ಡ್. ಯಾರು ಯಾವ ಕಡತ ನೋಡಬಹುದು, ಯಾರು ತಿದ್ದಬಹುದು ಎಂದು ಗೊತ್ತು ಮಾಡುವವನು ನಾನು. ಒಬ್ಬರ ಕಡತವನ್ನು ಇನ್ನೊಬ್ಬರು ಮುಟ್ಟದಂತೆ ಬಂದೋಬಸ್ತು ಮಾಡಿ ಮೀಸೆ ತಿರುವಿದ್ದೆ. ನಮ್ಮ ಮಂದಿ ಏನು ಮಾಡಿದರು? ವಾರ ಕಳೆಯುವುದರೊಳಗೆ ಎಲ್ಲರೂ ಪಕ್ಕದ ಮೇಜಿನವರಿಗೆ ಪಾಸ್‌ವರ್ಡ್ ಹೇಳಿಟ್ಟರು! ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಬೈದೆ. 'ಹೂಂನ್ರಿ' ಎಂದರು, ಹೇಳುವುದನ್ನು ಮಾತ್ರ ಬಿಡಲಿಲ್ಲ.

ಲಕ್ಕುಂಡಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳಿದ್ದಳು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆಯಿಂದ ಬರುವ ಹತ್ತಿಯ ಚೀಟಿ ನೋಡಿ ವಿವರ ಟೈಪ್ ಮಾಡುವುದು ಅವಳ ಕೆಲಸ. ಅದು ಇನ್ನೂ ಕಾಯಂ ಆಗಿರಲಿಲ್ಲ. ಮನೆಗೆ ಅವಳ ಸಂಬಳವೊಂದೇ ಆಧಾರ. ಅವಳ ಪಕ್ಕದ ಮೇಜು ನಿವೃತ್ತಿಗೆ ಹತ್ತಿರವಾಗಿದ್ದ ಗುಮಾಸ್ತರದು. ಆಫೀಸಿಗೆಲ್ಲ ಅವರು ಕಾಕಾ.

ಒಂದು ದಿನ ನೋಡಿದರೆ ಆ ಸುಗ್ಗಿಯ ವಿವರವೆಲ್ಲ ಮಾಯ. ಹಿಂದಿನ ದಿನ ಮುಂಜಾನೆಯ ಚೀಟಿಗಳಷ್ಟೇ ಕಡತದಲ್ಲಿ ಉಳಿದಿದ್ದವು. ಅದನ್ನು ಬರೆದವರು ಯಾರೆಂದು ಯಂತ್ರವನ್ನು ಕೇಳಿದರೆ ಆ ಹೆಣ್ಣುಮಗಳ ಹೆಸರು ತೋರಿಸಿತು.

"ಮಷೀನು ಸುಳ್ಳು ಹೇಳೂದಿಲ್ಲ. ಈ ತಿಂಗಳಿಗೆ ಆಕಿ ಕೆಲಸಾ ಮುಗೀತು," ಎಂದರು ಮ್ಯಾನೇಜರು.

ಆದರೆ ಹಿಂದಿನ ದಿನ ಬಸ್ಸು ಕೆಟ್ಟು ಅವಳು ಬಂದದ್ದೇ ಮಧ್ಯಾಹ್ನ. ನನಗದು ನೆನಪಿತ್ತು. ನೀರಿನ ಗಡಿಗೆಯ ಹತ್ತಿರ ಕರೆದು ಕೇಳಿದೆ: "ನಿನ್ನೆ ಮುಂಜಾನೆ ನೀವು ಇರಲೇ ಇಲ್ಲಲ್ರಿ ಅಕ್ಕಾರ? ಟೈಪ್ ಮಾಡಿದವರ‍್ಯಾರು?"

"ನಾ ಬಂದಿಲ್ಲಂತ ಕಾಕಾ ನನ್ನ ಕೆಲಸಾ ಮಾಡಿಟ್ಟಿದ್ರು. ಉಪಕಾರ ಮಾಡಾಕ ಹೋಗಿ ಏನೋ ತಪ್ಪೈತಿ. ಅವರ ಹೆಸರು ತಗೀಬ್ಯಾಡ್ರಿ. ಕೀಲಿಕೈ ಇಟಗೊಂಡವರ ಮ್ಯಾಲೆ ಕಳವು ಹೊರಸಬಾರದು."

"ನಿಮ್ಮ ಕೆಲಸಾ ಹೋಕ್ಕೈತ್ರೀ!" ಎಂದು ರೇಗಿದೆ.

"ಗೊತ್ತೈತ್ರಿ," ಎಂದಳು. ಕಣ್ಣು ತುಂಬಿದ್ದವು.

ನನ್ನ ಬಾಯಲ್ಲಿ ಬಿಸಿ ತುಪ್ಪ: ಉಗುಳುವಂತಿಲ್ಲ, ನುಂಗುವಂತಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಕೆಮ್ಮಿದರು. ನೀರು ಕುಡಿಯಲು ಬಂದ ಕಾಕಾ ಎಲ್ಲ ಕೇಳಿಸಿಕೊಂಡಿದ್ದರು.

"ಅಂದ್ರ, ಹಳೇದನ್ನ ಅಳಿಸಿದಾವ ನಾನss ಏನು?"

ಹಳೆಯ ಕಡತದ ಹೆಸರಿನಲ್ಲೇ ಹೊಸತನ್ನು ಉಳಿಸಿದರೆ ಹಳೆಯದು ಅಳಿಸಿಹೋಗುತ್ತದೆ ಎಂದೆ. ಅವರಿಗದು ಗೊತ್ತೇ ಇರಲಿಲ್ಲ. ಲೋಟ ಕೆಳಗಿಟ್ಟು ನೆಟ್ಟಗೆ ಮ್ಯಾನೇಜರ ಕೋಣೆಗೆ ಹೋದರು.

"ಆಕಿ ಹೆಸರಿಲೆ ಒಳಗ ಹೊಕ್ಕಾವ ನಾನ್ರಿ. ಶಿಕ್ಷಾ ಏನಿದ್ರೂ ನನಗ ಕೊಡ್ರಿ."

ಪಾಸ್‌ವರ್ಡ್ ಹಂಚಿಕೊಳ್ಳಲು ಬಿಟ್ಟದ್ದಕ್ಕೆ ಮ್ಯಾನೇಜರು ನನ್ನನ್ನು ಕರೆದು ಬೈದರು. ಅವಳ ಕೆಲಸ ಉಳಿಯಿತು. ಚೀಟಿಗಳನ್ನು ಹರವಿಕೊಂಡು ಎಲ್ಲರೂ ಮತ್ತೆ ಟೈಪ್ ಮಾಡಿದೆವು.

ಟೈಪ್ ಮಾಡುತ್ತಲೇ ಯೋಚಿಸಿದೆ. ಬಾಗಿಲು ಹಾಕುವುದನ್ನು ನಾನು ಚೆನ್ನಾಗಿಯೇ ಕಲಿತಿದ್ದೆ. ಒಬ್ಬರು ಬಾರದ ದಿನ ಅವರ ಕೆಲಸ ಯಾರು ನೋಡಬೇಕು ಎಂಬ ಪ್ರಶ್ನೆ ನನಗೆ ಹುಟ್ಟಿರಲಿಲ್ಲ, ನಮ್ಮ ಮಂದಿಗೆ ಹುಟ್ಟಿತ್ತು. ತಮಗೆ ತಿಳಿದ ಉತ್ತರವನ್ನೇ ಅವರು ಕೊಟ್ಟುಕೊಂಡಿದ್ದರು. ಮರುದಿನ ಯಂತ್ರದಲ್ಲಿ ಅವಳದೂ ಕಾಕಾರದೂ ಸೇರಿ ಒಂದು ಗುಂಪು ಮಾಡಿ, ಗುಂಪಿಗೆಂದೇ ಒಂದು ಜಾಗ ತೆಗೆದಿಟ್ಟೆ. ದಿನಕ್ಕೊಂದು ಹೊಸ ಕಡತ. ಇಬ್ಬರಲ್ಲಿ ಯಾರಾದರೂ ಬರೆಯಬಹುದು, ಆದರೆ ತಮ್ಮ ಹೆಸರಿನಲ್ಲೇ ಹೊಗಬೇಕು. ಪಾಸ್‌ವರ್ಡ್ ಹೊಸದು ಹಾಕಿಕೊಳ್ಳಿರಿ ಎಂದೆ.

"ಕಾಕಾಗ ಸುದ್ದಾ ಹೇಳಬಾರದೇನ್ರಿ?" ಎಂದು ಅವಳು ಸಂಕೋಚದಿಂದ ಕೇಳಿದಳು.

ಕಾಕಾ ತಾವೇ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕುಳಿತರು.

"ಹಾಕ್ಕೋ ಯವ್ವಾ," ಎಂದರು. "ಇನ್ನ ಮ್ಯಾಲೆ ನಾ ತಪ್ಪು ಮಾಡಿದ್ರ, ನನ್ನ ಹೆಸರss ಬರ್ಲಿ."