ಏಟಿಗೆ ಬಿಟ್ಟ ಚಟವಲ್ಲ

ನನ್ನ ತಮ್ಮ ಮೂಡಿಗೆರೆಯಿಂದ ಕಳಸಕ್ಕೆ ಬಾಡಿಗೆ ಜೀಪು ಓಡಿಸುತ್ತಿದ್ದ. ಎರಡು ಸಾವಿರದ ಇಸವಿ ದಾಟಿದ ಮೇಲೆ ಜೀಪ್ ಸ್ಟ್ಯಾಂಡಿನ ಎದುರಿಗೇ ಕಂಪ್ಯೂಟರ್ ಲಾಟರಿ ಅಂಗಡಿ ಬಂತು. ಬೆಳಗಿನಿಂದ ಸಂಜೆವರೆಗೂ ಡ್ರಾ. ಜೀಪಿನಲ್ಲಿ ಕೂತ ಜನ ಹಾರ್ನ್ ಹೊಡೆದು ಕರೆದರೂ ಇವನು ಆ ಪರದೆಯ ಮುಂದಿನಿಂದ ಕದಲುತ್ತಿರಲಿಲ್ಲ. ಕೊನೆಗೆ ಅಮ್ಮನ ಕಿವಿಯೋಲೆಯೂ ಅಲ್ಲಿಗೇ ಹೋಯಿತು.

ಅಪ್ಪ ಇಲ್ಲದ ಮನೆಗೆ ದೊಡ್ಡಪ್ಪನೇ ಯಜಮಾನರು. ಕರ್ಪೂರ ಮುಟ್ಟಿಸಿ ಆಣೆ ಹಾಕಿಸಿದರು. ಆಣೆ ಒಂದು ವಾರವೂ ನಿಲ್ಲಲಿಲ್ಲ. ಮದುವೆ ಮಾಡಿದರೆ ಸರಿಹೋಗುತ್ತಾನೆಂದು ಹೆಣ್ಣು ನೋಡಲು ಹೊರಟರು. ಯಾರದೋ ಮಗಳ ಬದುಕು ಇವರಿಗೆ ಔಷಧಿ! ಇದೇ ದೊಡ್ಡಪ್ಪ ಭಾನುವಾರ ಬಂತೆಂದರೆ ಕ್ಲಬ್ಬಿನಲ್ಲಿ ದುಡ್ಡಿಟ್ಟು ರಮ್ಮಿ ಆಡುತ್ತಿದ್ದರು. ಅದು ಟೈಂಪಾಸಂತೆ.

ನಾನೇ ತಮ್ಮನನ್ನು ಚಿಕ್ಕಮಗಳೂರಿಗೆ, ಮನೋವೈದ್ಯೆಯೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಬೈಯಲಿಲ್ಲ.

"ಸೋತಾಗ ಏನನ್ಸುತ್ತೆ?" ಎಂದು ಕೇಳಿದರು.

"ಮುಂದಿನ ಸಲ ಬಂದೇ ಬರುತ್ತೆ ಅನ್ಸುತ್ತೆ ಮೇಡಂ. ಇಷ್ಟು ಹೊತ್ತು ಬಂದಿಲ್ವಲ್ಲ."

"ನೀವು ಸೋತಿದ್ದು ಆ ಮೆಷಿನ್ನಿಗೆ ಹೇಗೆ ಗೊತ್ತಾಗುತ್ತೆ?"

ನಮ್ಮ ಮನೆಯಲ್ಲಿ ತಮ್ಮನನ್ನು ಯಾರೂ ಹೀಗೆ ಏನನ್ನೂ ಕೇಳಿರಲಿಲ್ಲ.

ಕೆಲಸವಿಲ್ಲದೆ ಕೂತಾಗಲೇ ಕಾಲು ಅಂಗಡಿಯ ಕಡೆ ಎಳೆಯುವುದು ಎಂದು ಮಾತಾಡುತ್ತ ಅವನೇ ಕಂಡುಕೊಂಡ. ಸ್ಟ್ಯಾಂಡ್ ಬದಲಾಯಿಸಿದ. ದುಡಿದಿದ್ದನ್ನು ನನ್ನ ಕೈಗೆ ಕೊಡತೊಡಗಿದ. ಆಸೆ ಎದ್ದಾಗ ಅದು ಇಳಿಯುವವರೆಗೆ ಹೇಗೆ ಕಾಯಬೇಕೆಂದು ಡಾಕ್ಟರು ಪ್ರತಿ ಭೇಟಿಯಲ್ಲೂ ಅಭ್ಯಾಸ ಮಾಡಿಸಿದರು. ನಡುವೆ ಜಾರಬಹುದು, ಜಾರಿದರೆ ಮುಚ್ಚಿಡದೆ ಬಂದು ಹೇಳಿ ಎಂದೂ ಅಂದಿದ್ದರು.

ಒಂದು ದಿನ ಜಾರಿದ. ಮನೆಗೆ ಬಂದು ತಾನೇ ಹೇಳಿದ. ಅಲ್ಲೇ ಇದ್ದ ದೊಡ್ಡಪ್ಪ ಎದ್ದವರೇ ಕಪಾಳಕ್ಕೆ ಬಾರಿಸಿದರು. ಕಿವಿಯಿಂದ ರಕ್ತ ಬಂತು.

"ಹುಚ್ಚರ ಡಾಕ್ಟ್ರ ಹತ್ರ ಸುತ್ತಿಸಿದ್ದು ಸಾಕು ಕಣೇ!" ಎಂದರು ನನಗೆ.

"ನಿಜ ಹೇಳಿದ್ದಕ್ಕೆ ಹೊಡೆದ್ರಲ್ಲ, ಇನ್ನು ಸುಳ್ಳು ಹೇಳ್ತಾನೆ, ಅದು ಬೇಕಾ ನಿಮಗೆ? ಇನ್ನೊಂದ್ಸಲ ಅವನ ಮೈಮುಟ್ಟಿದ್ರೆ ಪೊಲೀಸರನ್ನ ಕರೀತೀನಿ," ಎಂದೆ. ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ತಳ್ಳಿದೆ.

ಮುಂದಿನ ಭೇಟಿಗೆ ತಮ್ಮ ಹೋಗುವುದಿಲ್ಲ ಅಂದುಕೊಂಡಿದ್ದೆ. ಕಿವಿಗೆ ಹತ್ತಿ ಇಟ್ಟುಕೊಂಡು ಒಬ್ಬನೇ ಬಸ್ಸು ಹತ್ತಿದ. ಆಮೇಲೆ ತಿಂಗಳುಗಟ್ಟಲೆ ಹೋದ. ಲಾಟರಿಯನ್ನು ಸರ್ಕಾರ ನಿಲ್ಲಿಸುವುದಕ್ಕೆ ಎಷ್ಟೋ ಮೊದಲೇ ಅವನು ನಿಲ್ಲಿಸಿಯಾಗಿತ್ತು. ಎಡಗಿವಿ ಮಾತ್ರ ಮತ್ತೆ ಸರಿಯಾಗಿ ಕೇಳಿಸಲಿಲ್ಲ.

ನೆಂಟರು ಸೇರಿದಾಗ ಈಗಲೂ ಹೇಳುತ್ತಾರೆ: "ದೊಡ್ಡಪ್ಪನ ಒಂದೇ ಏಟಿಗೆ ಬುದ್ಧಿ ಬಂತು ನೋಡಿ." ತಮ್ಮ ನಕ್ಕು ಸುಮ್ಮನಾಗುತ್ತಾನೆ. ನನ್ನಿಂದ ಆಗುವುದಿಲ್ಲ. ಊಟದ ಎಲೆಯ ಮುಂದಿಂದಲೂ ಎದ್ದು ಜಗಳಕ್ಕೆ ನಿಲ್ಲುತ್ತೇನೆ.