ಮಾವನ ಆಣೆ ದಾರ

ಮೊನ್ನೆ ರಾಯಕೋಟೆಯಿಂದ ಹೊಸೂರಿಗೆ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಅಜ್ಜಿಯೊಬ್ಬಳು ಮಂಡಿಗೆ ನೋವಿನೆಣ್ಣೆ ತಿಕ್ಕಿಕೊಂಡಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ಮಾವ ಕಣ್ಣ ಮುಂದೆ ಬಂದುಬಿಟ್ಟರು... ಕೈಯಲ್ಲಿ ದೊಣ್ಣೆ ಹಿಡಿದುಕೊಂಡೇ.

ಮಾವ ಕಲ್ಲು ಕ್ವಾರಿಯಲ್ಲಿ ಸುತ್ತಿಗೆ ಹಿಡಿದವರು. ಒಂದು ಕಾಲಕ್ಕೆ ಕುಡಿದು ಬಂದು ಅತ್ತೆಯನ್ನು ಬೀದಿಯಲ್ಲೇ ಹಾಕಿ ಬಡಿಯುತ್ತಿದ್ದರು. ಕೊನೆಗೆ ಅತ್ತೆ ಅವರನ್ನು ಮುನೇಶ್ವರನ ಗುಡಿಗೆ ಎಳೆದುಕೊಂಡು ಹೋಗಿ, ಅಮಲಿನದು ಯಾವುದನ್ನೂ ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿ, ಪೂಜಾರಿಯಿಂದ ಮಣಿಕಟ್ಟಿಗೆ ದಾರ ಕಟ್ಟಿಸಿದರು. ನಮ್ಮ ಕಡೆ ಗಂಡಸರು ಹಾಗೆ ಕಟ್ಟಿಸಿಕೊಳ್ಳುವುದೂ ಉಂಟು, ಹಬ್ಬ ಬಂದರೆ ಬಿಚ್ಚಿಸಿಕೊಂಡು ಕುಡಿಯುವುದೂ ಉಂಟು. ಮಾವ ಬಿಚ್ಚಲಿಲ್ಲ. ಆಮೇಲೆ ಅಂಥ ಸಾಧು ಮನುಷ್ಯ ನಮ್ಮ ಬೀದಿಯಲ್ಲೇ ಇರಲಿಲ್ಲ.

ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದ ಮೇಲೆ ಹಳೆಯ ಮಾವ ವಾಪಸ್ಸು ಬಂದರು. ತಲೆಯನ್ನು ಗೋಡೆಗೆ ಜಜ್ಜಿಕೊಳ್ಳುವರು. ಅನ್ನದ ತಟ್ಟೆ ಹಾರಿ ಹೆಂಚಿಗೆ ಬಡಿಯುವುದು. ಬೆನ್ನಿಗೆ ಎಣ್ಣೆ ತಿಕ್ಕಲು ಹೋದ ಅತ್ತೆಯ ಜುಟ್ಟು ಅವರ ಮುಷ್ಟಿಯಲ್ಲಿ...

"ಕುಡ್ದು ಹೊಡೀತಿದ್ದಾಗ ಬೆಳಿಗ್ಗೆಗೆ ಇಳೀತಿತ್ತು ಕಣಮ್ಮಿ. ಇದು ಇಳಿಯೋದೇ ಇಲ್ವಲ್ಲ" ಎಂದು ಅತ್ತೆ ನನ್ನ ಹತ್ತಿರ ಅತ್ತರು.

ಎಷ್ಟೋ ವಾರ ಹೀಗೆ ನರಳಿದ ಮೇಲೆ, ಮನೆಗೆ ಬಂದು ನೋಡುತ್ತಿದ್ದ ನರ್ಸಮ್ಮ ಕೊನೆಗೊಮ್ಮೆ ಮಾರ್ಫಿನ್ ಮಾತ್ರೆ ತಂದರು. ನೋವು ಬರಲಿ ಎಂದು ಕಾಯಬೇಡಿ, ಗಡಿಯಾರ ನೋಡಿ ಕೊಡಿ ಎಂದರು. ಅದು ಅಫೀಮಿನ ಜಾತಿಯದೆಂದು ಯಾರೋ ಪುಣ್ಯಾತ್ಮ ಅಷ್ಟರಲ್ಲಿ ಮಾವನ ಕಿವಿಗೆ ಊದಿಯಾಗಿತ್ತು. "ನನ್ನ ಆಣೆ ಮುರಿಯಾಕ್ ಬಂದಿದ್ದೀಯಾ?" ಎಂದು ಮಾವ ಮಂಚದಿಂದಲೇ ದೊಣ್ಣೆ ಬೀಸಿದರು. ನರ್ಸಮ್ಮ ಬಗ್ಗಿದ್ದಕ್ಕೆ ಉಳಿದರು. ಏಟು ಅಡ್ಡ ಬಂದ ಅತ್ತೆಯ ತೋಳಿಗೆ ಬಿತ್ತು.

ಅತ್ತೆ ಒಳಗಿನಿಂದ ಕುಡುಗೋಲು ತಂದರು. ಕೊಂದೇಬಿಡುತ್ತಾರೆ ಎಂದುಕೊಂಡು ನಾನು ಚೀರಿದೆ. ಅವರು ಮಾವನ ಕೈಯನ್ನು ಮಂಚಕ್ಕೆ ಒತ್ತಿ ಹಿಡಿದು ದಾರವನ್ನು ಕರಕರ ಕೊಯ್ದರು. ಚರ್ಮವೂ ಕೊಯ್ದು ರಕ್ತ ಬಂತು.

"ಆಣೆ ಹಾಕ್ಸಿದ್ದು ನಾನು. ಮುನೇಶ್ವರ ಕೇಳಿದ್ರೆ ನನ್ನ ಕೇಳ್ಲಿ. ಬಾಯಿ ತಗಿಯಯ್ಯಾ!"

ಮಾವ ಬಾಯಿ ತೆರೆದರು.

ಹೊತ್ತಿಗೆ ಸರಿಯಾಗಿ ಮಾತ್ರೆ ಬೀಳತೊಡಗಿದ ಮೇಲೆ ಆ ಮನೆಯ ಕೂಗಾಟ ನಿಂತಿತು. ಒಂದು ಮಧ್ಯಾಹ್ನ ಮಾವ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಾ ಅತ್ತೆಯ ತೋಳು ನೋಡಿದರು.

"ಇದೇನೇ, ಹಿಂಗೆ ಕಪ್ಪಿಟ್ಟೈತೆ?"

"ಹಸ ಒದೀತು."

ಅವರ ಹಸುವನ್ನು ಮಾರಿ ತಿಂಗಳುಗಳೇ ಆಗಿದ್ದವು. ಸಂತೆಗೆ ಹೊಡೆದುಕೊಂಡು ಹೋಗಿದ್ದವರು ಮಾವನೇ. ಅವರು ಬಾಗಿಲಾಚೆಯ ಖಾಲಿ ಕೊಟ್ಟಿಗೆಯನ್ನು ಸುಮಾರು ಹೊತ್ತು ನೋಡಿದರು. ಆಮೇಲೆ ಲೋಟ ಕೆಳಗಿಟ್ಟು, ಆ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು.

ಮಾವ ಹೋದರು, ಆಮೇಲೆ ಅತ್ತೆಯೂ ಹೋದರು. ಆ ಜಾಗದಲ್ಲಿ ಈಗ ಫ್ಯಾಕ್ಟರಿ ಕೆಲಸದವರ ಬಾಡಿಗೆ ಮನೆಗಳಿವೆ. ನನ್ನ ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಆ ಮಾತ್ರೆ ಅಷ್ಟು ತಡವಾಗಿ ಬಂತಲ್ಲ... ಗಂಜಿ ಕುಡಿಯುತ್ತಿದ್ದ ಆ ಮಾವ ಅತ್ತೆಗೆ ಇನ್ನೊಂದಿಷ್ಟು ದಿನ ಸಿಗಬೇಕಾಗಿತ್ತು.